ಸಿಲ್ವರ್ ಓಕ್ ಓಕ್ ಅಲ್ಲ, ಪೀಪಾಯಿಗೂ ಅಲ್ಲ

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಕೊಡಗಿನ ಹೋಂಸ್ಟೇಗಳ ಬಗ್ಗೆ ಬಂದ ಬರಹ ಓದಿದೆ. ಚೆನ್ನಾಗಿಯೇ ಇತ್ತು. ಆದರೆ ಕೊನೆಯ ಪ್ಯಾರಾಕ್ಕೆ ಬರುವ ಹೊತ್ತಿಗೆ ಕಾಫಿ ಲೋಟ ಕೆಳಗಿಟ್ಟು ಎದ್ದು ಕೂತೆ. ಹೊರದೇಶಗಳಲ್ಲಿ ವಿಸ್ಕಿಯನ್ನು ಓಕ್ ಮರದ ಪೀಪಾಯಿಯಲ್ಲಿಟ್ಟು ಹದ ಮಾಡುತ್ತಾರಂತೆ, ನಮ್ಮ ತೋಟಗಳಲ್ಲಿ ಸಿಲ್ವರ್ ಓಕ್‌ಗೆ ಬರವಿಲ್ಲ, ಆದ್ದರಿಂದ ಇಲ್ಲಿನ ಉದ್ಯಮಿಗಳು ಅದರಲ್ಲೇ ಪೀಪಾಯಿ ಮಾಡಿ ಕೊಡಗಿನದೇ ವಿಸ್ಕಿ ತರಬಾರದೇಕೆ ಎಂದು ಲೇಖಕರು ಕೇಳಿದ್ದಾರೆ.

ತರಬಾರದು. ಏಕೆಂದು ಹೇಳುತ್ತೇನೆ.

ನಾನು ಕುಡುಕನಲ್ಲ, ಪಂಡಿತನೂ ಅಲ್ಲ. ಸುಂಟಿಕೊಪ್ಪದ ಹತ್ತಿರ ಒಂದು ಸಾಮಿಲ್‌ನಲ್ಲಿ ಮೂವತ್ತೊಂದು ವರ್ಷ ನಾಟಾ ಅಳೆದವನು. ದಿಮ್ಮಿಯ ಸುತ್ತಳತೆ ಹಿಡಿದು, ನಾಲ್ಕರಿಂದ ಭಾಗಿಸಿ, ಅದರ ವರ್ಗವನ್ನು ಉದ್ದಕ್ಕೆ ಗುಣಿಸಿ ಘನ ಅಡಿ ಬರೆಯುವುದು ನನ್ನ ಕೆಲಸ. ಕಣ್ಣು ಮುಚ್ಚಿ ಹೊಟ್ಟು ಮೂಸಿದರೆ ತೇಗ ಯಾವುದು, ನಂದಿ ಯಾವುದು, ಹಲಸು ಯಾವುದು ಎಂದು ಹೇಳುತ್ತಿದ್ದೆ. ಈಗಲೂ ಹೇಳುತ್ತೇನೆ, ನೆಗಡಿ ಇಲ್ಲದ ದಿನ.

ಸಿಲ್ವರ್ ಓಕ್ ಹೆಸರಿಗಷ್ಟೇ ಓಕ್. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೆ ತತ್ವಾರ ಅನ್ನುವ ಹಾಗೆ. ಅದು ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ಮರ, ಗ್ರೆವಿಲಿಯಾ ರೊಬಸ್ಟಾ. ಬೇಗ ಬೆಳೆಯುತ್ತದೆ, ನೆಟ್ಟಗೆ ಹೋಗುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಅನುಕೂಲ, ನೆರಳಿಗೂ ಆಯಿತು ಎಂದು ತೋಟದವರು ಹಾಕಿಕೊಂಡರು. ಎಲೆಯ ಅಡಿಭಾಗ ಬೆಳ್ಳಗೆ ಹೊಳೆಯುವುದರಿಂದ ಸಿಲ್ವರ್. ದಿಮ್ಮಿಯನ್ನು ನಡುವಿನಿಂದ ಅಂಚಿಗೆ ಬರುವಂತೆ ಸೀಳಿದರೆ ಹಲಗೆಯ ಮೇಲೆ ಮೀನಿನ ಹುರುಪೆಯಂಥ ಮಿನುಗು ಕಾಣುತ್ತದೆ, ಓಕ್‌ನಲ್ಲೂ ಹಾಗೇ ಕಾಣುತ್ತದೆ, ಅದಕ್ಕೆ ಓಕ್. ನೆಂಟಸ್ತಿಕೆ ಅಷ್ಟೇ. ಪ್ಲೈವುಡ್ಡಿಗೆ, ಪ್ಯಾಕಿಂಗ್ ಪೆಟ್ಟಿಗೆಗೆ ಒಳ್ಳೆಯ ಮರ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅದರ ಹೊಟ್ಟು ತಾಗಿ ಮೈಕೈ ಕೆರೆದುಕೊಳ್ಳುತ್ತಿದ್ದ ಹುಡುಗರನ್ನು ನಾನು ನೋಡಿದ್ದೇನೆ. ಕೆಲವರ ಮೊಣಕೈ ಒಳಗೆ ದದ್ದು ಎದ್ದು ವಾರಗಟ್ಟಲೆ ಇಳಿಯುತ್ತಿರಲಿಲ್ಲ. ಚರ್ಮಕ್ಕೆ ಆಗದ ಮರವನ್ನು ಸಾರಾಯಿಯಲ್ಲಿ ವರ್ಷಗಟ್ಟಲೆ ನೆನೆಸಿ ಹೊಟ್ಟೆಗೆ ಇಳಿಸಿ ಎಂದು ಬರೆಯುವ ಮುಂಚೆ ಲೇಖಕರು ಯಾವುದಾದರೂ ಸಾಮಿಲ್‌ಗೆ ಒಂದು ಫೋನು ಮಾಡಬಹುದಿತ್ತು.

ನಿಜವಾದ ಓಕ್ ನಮ್ಮ ಸಹ್ಯಾದ್ರಿಯ ಕಾಡಲ್ಲಿ ಹುಟ್ಟುವುದಿಲ್ಲ. ಹಿಮಾಲಯದ ಕಡೆ ಬಾಂಜ್ ಅಂತ ಇದೆ, ಅದು ಆ ಜಾತಿ. ಅಮೆರಿಕದವರು ಪೀಪಾಯಿಗೆ ಬಳಸುವುದು ಅಲ್ಲಿನ ಬಿಳಿ ಓಕ್. ಮರದೊಳಗೆ ನೀರು ಏರುವ ಕೊಳವೆಗಳಿರುತ್ತವಲ್ಲ, ಬಿಳಿ ಓಕ್‌ನ ಒಳತಿರುಳು ಬಲಿತು ಚೇಗಾಗುವಾಗ ಅದು ಆ ಕೊಳವೆಗಳಿಗೆ ತಾನೇ ಬಿರಡೆ ಹಾಕಿಕೊಳ್ಳುತ್ತದೆ. ಹಾಗಾಗಿ ದ್ರವ ಸೋರುವುದಿಲ್ಲ. ಅದರ ಅಣ್ಣತಮ್ಮನೇ ಆದ ಕೆಂಪು ಓಕ್‌ನಲ್ಲಿ ಈ ಬಿರಡೆ ಇಲ್ಲ. ಒಂದು ಗೇಣು ತುಂಡಿನ ತುದಿಯನ್ನು ನೀರಲ್ಲಿಟ್ಟು ಇನ್ನೊಂದು ತುದಿಯಿಂದ ಊದಿದರೆ ಗುಳ್ಳೆ ಬರುತ್ತದೆ. ಅದರಲ್ಲಿ ಪೀಪಾಯಿ ಮಾಡಿದರೆ ವಿಸ್ಕಿ ಗೋದಾಮಿನ ನೆಲ ಕುಡಿಯುತ್ತದೆ. ಒಂದೇ ಕುಲದ ಎರಡು ಮರಗಳಲ್ಲೇ ಇಷ್ಟು ವ್ಯತ್ಯಾಸ ಇರುವಾಗ ಕುಲವೇ ಬೇರೆಯಾದ ಸಿಲ್ವರ್ ಓಕ್‌ನ ಮಾತು ಬಿಡಿ.

ಇಷ್ಟು ಬರೆದು ಸಹಿ ಹಾಕಿ ಕಳಿಸಬಹುದಿತ್ತು. ಆದರೆ ಈ ವಿಷಯ ನನ್ನ ತಲೆಯಲ್ಲಿ ಮೂರು ವಾರದಿಂದ ಕೊರೆಯುತ್ತಿದೆ, ಅದಕ್ಕೆ ಕಾರಣ ಒಂದು ಬಾಟಲಿ. ಜಾಗ ಇದ್ದರೆ ಹಾಕಿ, ಇಲ್ಲದಿದ್ದರೆ ಕತ್ತರಿಸಿ.

ನಮ್ಮ ಪಕ್ಕದ ತೋಟದವರು ನಿವೃತ್ತ ಸುಬೇದಾರರು. ಕೋವಿ, ಕತ್ತಿಗಳನ್ನು ಪೂಜಿಸುವ ಕೈಲ್‌ಮುಹೂರ್ತದ ಹಬ್ಬಕ್ಕೆ ಪ್ರತಿ ವರ್ಷ ನನ್ನನ್ನು ಕರೆಯುತ್ತಾರೆ. ಈ ಸಲ ಅಮೆರಿಕದಲ್ಲಿರುವ ಮಗ ರಜೆಗೆ ಬಂದಿದ್ದ. ವಿಮಾನದಲ್ಲಿ ಒಬ್ಬರಿಗೆ ಎರಡು ಲೀಟರ್ ತರಲು ಬಿಡುತ್ತಾರೆ, ಅವನು ಒಂದೇ ಬಾಟಲಿ ತಂದಿದ್ದ, 750 ಎಂಎಲ್. ಅಪ್ಪನ ಮುಖದಲ್ಲಿ ಆ ನಿರಾಸೆ ಸ್ವಲ್ಪ ಇತ್ತು. ಪೂಜೆ ಆಗಿ, ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ಕೋವಿಗಳಿಗೆ ತೋಕ್‌ಪೂ ಎಂಬ ಹೂ ಸಿಕ್ಕಿಸಿ ಇಟ್ಟಿದ್ದರು. ತೂಗುದೀಪದ ಕೆಳಗೆ ಕಾರಣವರಿಗೆ, ಅಂದರೆ ತೀರಿಹೋದ ಹಿರಿಯರಿಗೆ, ಎಡೆ ಇಡುವಾಗ ಯಾವ ಬಾಟಲಿಯಿಂದ ಬಗ್ಗಿಸುವುದು ಎಂದು ಒಂದು ಸಣ್ಣ ಚರ್ಚೆಯಾಯಿತು. ಅಜ್ಜಂದಿರಿಗೆ ಗೊತ್ತಿರುವುದನ್ನೇ ಕೊಡೋಣ, ಹೊಸದನ್ನು ಕೊಟ್ಟು ಅವರಿಗೆ ಹಿಡಿಸದಿದ್ದರೆ ಕಷ್ಟ ಎಂದು ಸುಬೇದಾರರು ತೀರ್ಪು ಕೊಟ್ಟರು. ಹೀಗಾಗಿ ಹಿರಿಯರಿಗೆ ಮಿಲಿಟರಿ ರಮ್, ನಮಗೆ ಅಮೆರಿಕದ್ದು.

ಬ್ರ್ಯಾಂಡಿನ ಹೆಸರು ಬರೆಯುವುದಿಲ್ಲ, ಪತ್ರ ಜಾಹೀರಾತಾಗಬಾರದು. ಅದು ರೈ ವಿಸ್ಕಿ. ರೈ ಎಂದರೆ ಗೋಧಿಯ ಹತ್ತಿರದ ಒಂದು ಧಾನ್ಯ, ಕಾಳು ಸಣಕಲು, ಬಣ್ಣ ಬೂದುಹಸಿರು. ಚಳಿದೇಶಗಳಲ್ಲಿ, ಗೋಧಿ ಬಾರದ ಬಡ ಮಣ್ಣಿನಲ್ಲಿ ಬರುತ್ತದೆ. ಅಲ್ಲಿನ ಕಾನೂನಿನಂತೆ ರೈ ವಿಸ್ಕಿ ಎನ್ನಬೇಕಾದರೆ ಕಾಳಿನಲ್ಲಿ ನೂರಕ್ಕೆ ಕನಿಷ್ಠ 51 ಭಾಗ ರೈ ಇರಬೇಕು, ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿ ಇಡಬೇಕು, ಪೀಪಾಯಿಗೆ ತುಂಬುವಾಗ ಮದ್ಯಸಾರ ಶೇ 62.5 ಮೀರಬಾರದು. ಈ ಬಾಟಲಿಯಲ್ಲಿ 95 ಭಾಗ ರೈ, ಉಳಿದ 5 ಮೊಳಕೆ ಬಾರ್ಲಿ. ಆರು ವರ್ಷ ಓಕ್‌ನಲ್ಲಿ. ಆಮೇಲೆ ಕೆಲವೇ ವಾರ ಇನ್ನೊಂದು ಮರದ ಪೀಪಾಯಿಯಲ್ಲಿ. ಬ್ರೆಜಿಲ್‌ನ ಆ ಮರದ ಹೆಸರು ಅಂಬುರಾನಾ. ನಾನು ಕೇಳಿರಲಿಲ್ಲ. ಮೂವತ್ತೊಂದು ವರ್ಷ ಮರ ಅಳೆದವನಿಗೆ ಒಂದು ಮರದ ಹೆಸರು ಗೊತ್ತಿಲ್ಲ ಎಂದರೆ ಹೇಗಾಗುತ್ತದೆ ಎಂದು ನಿಮಗೆ ಗೊತ್ತಿಲ್ಲ.

ಲೇಬಲ್ಲಿನಲ್ಲಿ ದೊಡ್ಡದಾಗಿ 118.6 ಪ್ರೂಫ್ ಎಂದಿತ್ತು. ಸುಬೇದಾರರು ಗಾಬರಿಯಾಗಿ, ನೂರಕ್ಕೆ ನೂರಹದಿನೆಂಟು ಹೇಗೆ ಬರುತ್ತದೆ, ಇದು ಕುಡಿಯುವುದೋ ಜೀಪಿಗೆ ಹಾಕುವುದೋ ಎಂದರು. ಅಮೆರಿಕದವರ ಪ್ರೂಫ್ ಎಂದರೆ ಶೇಕಡಾವಾರಿನ ಇಮ್ಮಡಿ. ಅಂದರೆ ಇದರಲ್ಲಿ ಶೇ 59.3. ನಮ್ಮ ಬಾಟಲಿಗಳಲ್ಲಿ ಬರೆಯುವುದು ಬ್ರಿಟಿಷರ ಲೆಕ್ಕ. ಅವರು ಮೊದಲು ಕೋವಿಮದ್ದಿನ ಮೇಲೆ ಸಾರಾಯಿ ಸುರಿದು ಬೆಂಕಿ ಹಚ್ಚುತ್ತಿದ್ದರಂತೆ. ಒದ್ದೆಯಾದರೂ ಮದ್ದು ಹತ್ತಿಕೊಂಡರೆ ಸರಕು ಗಟ್ಟಿ ಎಂದು ಪ್ರೂಫ್. ಆ ಲೆಕ್ಕದಲ್ಲಿ 100 ಎಂದರೆ ಶೇ 57.1. ನಮ್ಮ ರಮ್ಮು, ಬ್ರಾಂಡಿ ಶೇ 42.8, ಅಂದರೆ 75 ಡಿಗ್ರಿ, ಅದಕ್ಕೇ ಲೇಬಲ್ಲಿನಲ್ಲಿ 25 ಯು.ಪಿ. ಎಂದಿರುವುದು: ಇಪ್ಪತ್ತೈದು ಡಿಗ್ರಿ ಅಂಡರ್ ಪ್ರೂಫ್. ಸುಬೇದಾರರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಇಪ್ಪತ್ತೆಂಟು ವರ್ಷ ಸರ್ವಿಸಿನಲ್ಲಿ ಅದನ್ನು ಓದಿದ್ದೇನೆ, ಉತ್ತರ ಪ್ರದೇಶದಲ್ಲಿ ತಯಾರಾದದ್ದು ಎಂದುಕೊಂಡಿದ್ದೆ ಎಂದರು. ಕೋವಿಗಳ ಮುಂದೆ ಕೂತು ಕೋವಿಮದ್ದಿನ ಲೆಕ್ಕ ಹೇಳುವ ಯೋಗ ನನ್ನದು. ನಮ್ಮ ಕೈಯಲ್ಲಿದ್ದ ಬಾಟಲಿ ಬ್ರಿಟಿಷರ ಲೆಕ್ಕಕ್ಕೂ ನೂರ ಮೂರು ದಾಟುತ್ತಿತ್ತು. ಮದ್ದು ಹತ್ತಿಕೊಳ್ಳುತ್ತಿತ್ತು.

ಮೊದಲು ನಾನು ನಾಲ್ಕು ಹನಿ ಅಂಗೈಗೆ ಹಾಕಿ ಉಜ್ಜಿದೆ. ಹುಡುಗ ನಕ್ಕ. ಮರದವರ ರೂಢಿ ಇದು: ಹೊಸದಾಗಿ ಕೊಯ್ದ ಹಲಗೆಗೆ ಉಗುಳು ಹಚ್ಚಿ ಉಜ್ಜಿದರೆ ವಾಸನೆ ಏಳುತ್ತದೆ. ಇಲ್ಲಿ ಮದ್ಯಸಾರ ಹಾರಿಹೋದ ಮೇಲೆ ಕೈಯಲ್ಲಿ ಉಳಿದದ್ದು ನನಗೆ ಎಲ್ಲೋ ಗೊತ್ತಿರುವ ವಾಸನೆ. ಎಲ್ಲಿ ಎಂದು ತಕ್ಷಣ ಹೊಳೆಯಲಿಲ್ಲ. ಅಂಗೈ ಮೂಸುತ್ತಾ ಮೆಟ್ಟಿಲ ತನಕ ಹೋಗಿ ಬಂದೆ. ಮಳೆ ಹನಿಯುತ್ತಿತ್ತು. ದಾಲ್ಚಿನ್ನಿ ಇದೆ, ಆದರೆ ಪಟ್ಟೆಯದಲ್ಲ, ಎಲೆಯದು. ಬೆಲ್ಲ ಇದೆ. ಇವೆರಡರ ಅಡಿಯಲ್ಲಿ ಇನ್ನೊಂದು. ಹುತ್ತರಿ ಕಳೆದು ಭತ್ತ ಬಡಿದ ಮೇಲೆ ಹುಲ್ಲನ್ನು ಬಿಸಿಲಿಗೆ ಹರಡಿ ಮಧ್ಯಾಹ್ನ ಮೆದೆ ಒಟ್ಟುವಾಗ ಬರುತ್ತದಲ್ಲ, ಸಿಹಿಯೂ ಅಲ್ಲದ ಧೂಳೂ ಅಲ್ಲದ ಒಂದು ಬೆಚ್ಚನೆಯ ವಾಸನೆ, ಅದು. ಚಿಕ್ಕಂದಿನಲ್ಲಿ ಆ ಮೆದೆಯೊಳಗೆ ಬಿಲ ಮಾಡಿಕೊಂಡು ಮಲಗುತ್ತಿದ್ದೆವು. ಬ್ರೆಜಿಲ್‌ನ ಮರದಲ್ಲಿ ನಮ್ಮ ಗದ್ದೆಯ ಹುಲ್ಲು.

ಇದು ನನ್ನ ಕಲ್ಪನೆ ಇರಬಹುದೆಂದು ಮನೆಗೆ ಹೋಗಿ ಓದಿದೆ. ಕಲ್ಪನೆಯಲ್ಲ. ಅಂಬುರಾನಾದಲ್ಲಿ ಕೂಮರಿನ್ ಎಂಬ ವಸ್ತು ಹೇರಳ. ಕೊಯ್ದು ಒಣಗಿಸಿದ ಹುಲ್ಲಿಗೆ ಆ ವಾಸನೆ ಬರುವುದೂ ಕೂಮರಿನ್‌ನಿಂದಲೇ, ಅಂಗಡಿಯಲ್ಲಿ ಚಕ್ಕೆ ಎಂದು ಕೊಡುವ ದಪ್ಪ ತೊಗಟೆಯಲ್ಲಿರುವುದೂ ಅದೇ. ಮರ ದ್ವಿದಳ ಧಾನ್ಯಗಳ ಕುಟುಂಬದ್ದು, ಅಂದರೆ ನಮ್ಮ ಬೀಟೆ, ಹೊನ್ನೆಯ ದೂರದ ದಾಯಾದಿ. ಬ್ರೆಜಿಲ್‌ನವರು ಕಬ್ಬಿನ ಹಾಲಿನಿಂದ ಮಾಡುವ ಕಶಾಸಾ ಎಂಬ ಸಾರಾಯಿಯನ್ನು ಹಿಂದಿನಿಂದಲೂ ಇದರ ಪೀಪಾಯಿಗಳಲ್ಲಿ ಇಡುತ್ತಾರೆ. ಅಮೆರಿಕದ ಸಣ್ಣ ಭಟ್ಟಿಗಳವರು ಇತ್ತೀಚೆಗೆ ಅಲ್ಲಿಂದ ತರಿಸಿಕೊಳ್ಳುತ್ತಿದ್ದಾರೆ. ಕೂಮರಿನ್ ಅತಿಯಾದರೆ ಪಿತ್ತಜನಕಾಂಗಕ್ಕೆ ಒಳ್ಳೆಯದಲ್ಲ. ಅದನ್ನು ಆಹಾರಕ್ಕೆ ನೇರವಾಗಿ ಬೆರೆಸುವುದನ್ನು ಅಮೆರಿಕ 1954ರಲ್ಲೇ ನಿಷೇಧಿಸಿದೆ. ಮರದಿಂದ ಇಳಿಯುವ ಪ್ರಮಾಣ ಬೇರೆ ಮಾತು. ಆದರೂ ಅದನ್ನು ಮರೆಯಬಾರದು.

ರುಚಿಗೆ ಬರುತ್ತೇನೆ. ಮೂವತ್ತು ಎಂಎಲ್, ನೀರಿಲ್ಲದೆ. ಇಷ್ಟು ಗಟ್ಟಿ ಸರಕನ್ನು ಮೂಸುವಾಗ ಬಾಯಿ ತುಸು ತೆರೆದಿರಬೇಕು, ಇಲ್ಲದಿದ್ದರೆ ಮೂಗಿನ ಕೂದಲು ಸುಟ್ಟ ಹಾಗಾಗುತ್ತದೆ. ಸುಬೇದಾರರು ಬಾಯಿ ಮುಚ್ಚಿ ಮೂಸಿ ಮೂರು ಸಲ ಸೀನಿದರು. ಮೊದಲ ಗುಟುಕು ಗಾಂಧಾರಿ ಮೆಣಸಿನ ಹಾಗೆ ತುಟಿಯಲ್ಲೇ ಹಿಡಿಯಿತು, ಅದು ಬರೀ ಮದ್ಯಸಾರದ ಉರಿ, ಅದಕ್ಕೆ ಬೆಲೆ ಕೊಡಬೇಕಾಗಿಲ್ಲ. ಎರಡನೆಯ ಗುಟುಕಿಗೆ ನಾಲಿಗೆ ರಾಜಿಯಾಯಿತು. ಆಗ ರೈ ಬಂತು. ಅದನ್ನು ಖಾರ ಅನ್ನುತ್ತಾರೆ, ಆದರೆ ಮೆಣಸಿನಪುಡಿಯ ಖಾರವಲ್ಲ. ಬಳ್ಳಿಯಿಂದ ಕಿತ್ತ ಹಸಿ ಕರಿಮೆಣಸಿನ ಗೆರೆಯನ್ನು ಕಚ್ಚಿದಾಗ ಮೊದಲು ಹಸಿರು, ಆಮೇಲೆ ಚುರುಕು, ಕೊನೆಗೆ ಗಂಟಲ ಹಿಂದೆ ತಣ್ಣಗೆ ಆಗುತ್ತದಲ್ಲ, ಆ ಕ್ರಮ. ಹಸಿರಿನ ಜಾಗದಲ್ಲಿ ಸಬ್ಬಸಿಗೆ ಸೊಪ್ಪು. ಹುಡುಗ ಒಪ್ಪಲಿಲ್ಲ, ಪುದಿನ ಎಂದ. ಅವನ ತಾಯಿ ಗ್ಲಾಸು ಮೂಸಿ ಸಬ್ಬಸಿಗೆಯೇ ಎಂದರು, ಅಲ್ಲಿಗೆ ವಾದ ಮುಗಿಯಿತು.

ಅದಾದ ಮೇಲೆ ಅಂಬುರಾನಾ ಏರಿ ಕೂತಿತು, ಇಳಿಯಲೇ ಇಲ್ಲ. ಅದೇ ನನ್ನ ತಕರಾರು. ಮೊದಲ ಹತ್ತು ನಿಮಿಷ ಮೋಹ ಹುಟ್ಟಿಸಿತು: ಹುಲ್ಲಿನ ಮೆದೆ, ಬೆಲ್ಲದ ಪಾಯಸ, ಎಲೆಯ ಘಮ. ಎರಡನೇ ಸುತ್ತಿಗೆ, ಮದುವೆಮನೆಗೆ ಅತ್ತರು ಸುರಿದುಕೊಂಡು ಬಂದ ನೆಂಟನ ಪಕ್ಕ ಕೂತ ಹಾಗಾಯಿತು. ಆರು ವರ್ಷ ಓಕ್ ಮಾಡಿದ ಕೆಲಸವನ್ನು ಇನ್ನೊಂದು ಮರ ಕೆಲವು ವಾರದಲ್ಲಿ ಮುಚ್ಚಿಹಾಕಿತ್ತು. ಓಕ್‌ನ ಒಳಮೈಯನ್ನು ಸುಟ್ಟಾಗ ಮರದ ಸಕ್ಕರೆ ಕರಗಿ ಕೆರಮೆಲ್ ಆಗುತ್ತದೆ, ಮರವನ್ನು ಗಟ್ಟಿ ಹಿಡಿದಿರುವ ಲಿಗ್ನಿನ್ ಒಡೆದು ವೆನಿಲ್ಲಾ ವಾಸನೆ ಬಿಡುತ್ತದೆ. ಅದೆಲ್ಲ ಒಳಗೆ ಎಲ್ಲೋ ಇತ್ತು, ದಟ್ಟ ಮಂಜಿನಲ್ಲಿ ಎದುರಿನ ಬಸ್ಸಿನ ದೀಪ ಕಂಡಷ್ಟು. ನನ್ನ ಮಾತು ಕೇಳಿದ್ದರೆ ಅರ್ಧ ದಿನಕ್ಕೇ ತೆಗೆಯಲು ಹೇಳುತ್ತಿದ್ದೆ.

ನೀರು ಹಾಕಿದಾಗ ಸ್ವಲ್ಪ ನ್ಯಾಯ ಸಿಕ್ಕಿತು. ಮೂವತ್ತು ಎಂಎಲ್‌ಗೆ ಎರಡು ಟೀ ಚಮಚ, ಅಂದರೆ ಹತ್ತು ಎಂಎಲ್ ನೀರು ಹಾಕಿದರೆ ಶೇ 59.3 ಇದ್ದದ್ದು 44ರ ಆಸುಪಾಸಿಗೆ ಇಳಿಯುತ್ತದೆ, ಹೆಚ್ಚುಕಡಿಮೆ ನಮ್ಮ ರಮ್ಮಿನ ಮಟ್ಟ. ಗ್ಲಾಸಿನೊಳಗೆ ತೆಳ್ಳಗೆ ಮಬ್ಬು ಕವಿಯಿತು. ಕೆಟ್ಟಿತೇ ಎಂದು ಸುಬೇದಾರರು ಬೆಳಕಿಗೆ ಹಿಡಿದರು. ಕೆಟ್ಟದ್ದಲ್ಲ: ತಣ್ಣಗೆ ಮಾಡಿ ಸೋಸದ ವಿಸ್ಕಿಯಲ್ಲಿ ಎಣ್ಣೆಯಂಥ ಅಂಶಗಳು ಉಳಿದಿರುತ್ತವೆ, ಮದ್ಯಸಾರ 46ಕ್ಕಿಂತ ಕೆಳಗೆ ಬಂದಾಗ ಅವು ಕರಗಿ ನಿಲ್ಲಲಾರದೆ ಹೊರಬರುತ್ತವೆ. ಆ ಮಟ್ಟದಲ್ಲಿ ಮೆಣಸೂ ಮರವೂ ಅಕ್ಕಪಕ್ಕ ಕೂತವು. ನಾಲ್ಕು ಚಮಚಕ್ಕೆ ಹೋದಾಗ ರೈ ನಾಪತ್ತೆ, ಅತ್ತರು ಮಾತ್ರ. ಇನ್ನೊಂದು ಹೇಳಬೇಕು: ಪಂದಿ ಕರಿ ಜೊತೆ ಇದು ಸಲ್ಲದು. ಅದಕ್ಕೆ ಹಾಕುವ ಕಪ್ಪು ಹುಳಿರಸ ಕಾಚಂಪುಳಿಯ ಹುಳಿ ಬಾಯಿಯಲ್ಲಿರುವಾಗ ಕುಡಿದರೆ ಅಂಬುರಾನಾ ಸಾಬೂನಾಗುತ್ತದೆ. ಬರೀ ಕಡಂಬುಟ್ಟು, ಅಂದರೆ ಅಕ್ಕಿಯ ಕಡುಬಿನ ತುಂಡಿನೊಂದಿಗೆ ಚೆನ್ನ. ಪಂದಿ ಕರಿಗೆ ರಮ್ಮೇ ಸರಿ ಎಂದ ಹಿರಿಯರ ಆಯ್ಕೆ ಎಷ್ಟು ಸರಿ ಎಂದು ಸುಬೇದಾರರು ನೆಲ್ಲಕ್ಕಿಯತ್ತ ನೋಡಿ ಕೈ ಮುಗಿದರು.

ರೈಯ ಚರಿತ್ರೆ ಉದ್ದ, ಇಲ್ಲಿ ಬೇಡ. ಒಂದು ಮಾತ್ರ: ಜಾರ್ಜ್ ವಾಷಿಂಗ್ಟನ್ ಅಧ್ಯಕ್ಷಗಿರಿ ಮುಗಿಸಿ ಊರಿಗೆ ಮರಳಿದ ಮೇಲೆ ಮೌಂಟ್ ವರ್ನನ್‌ನಲ್ಲಿ ನಡೆಸಿದ್ದು ರೈ ಭಟ್ಟಿ. 60 ಭಾಗ ರೈ, 35 ಮೆಕ್ಕೆಜೋಳ, 5 ಬಾರ್ಲಿ. 1799ರಲ್ಲಿ, ಅಂದರೆ ಇತ್ತ ಶ್ರೀರಂಗಪಟ್ಟಣ ಬಿದ್ದ ವರ್ಷ, ಅವರ ಭಟ್ಟಿಯಿಂದ ಸುಮಾರು 11,000 ಗ್ಯಾಲನ್ ಇಳಿಯಿತು. 1920ರಿಂದ 1933ರವರೆಗಿನ ಪಾನನಿಷೇಧದಲ್ಲಿ ರೈ ಹೆಚ್ಚುಕಡಿಮೆ ಸತ್ತೇಹೋಗಿ ಈಗ ಸಣ್ಣ ಭಟ್ಟಿಗಳವರ ಕೈಯಲ್ಲಿ ಮತ್ತೆ ಚಿಗುರಿದೆ. ಕಾಳು ಬೇಯಿಸುವವರಿಗೆ ರೈ ದೊಡ್ಡ ತಲೆನೋವಂತೆ, ಅಂಬಲಿಯ ಹಾಗೆ ಅಂಟಂಟಾಗಿ ಉಕ್ಕುತ್ತದೆ.

ಸಣ್ಣ ಭಟ್ಟಿ ಎಂದೆನಲ್ಲ, ಅಲ್ಲೂ ಒಂದು ತಮಾಷೆ. ಬಾಟಲಿಯ ಮುಂದೆ ಕೈಕೆಲಸ, ಕುಟುಂಬ, ಗುಡ್ಡ, ತೊರೆ ಎಂದೆಲ್ಲ ಚಿತ್ರ. ಹಿಂದೆ ತಿರುಗಿಸಿ ಕನ್ನಡಕ ಹಾಕಿಕೊಂಡು ಓದಿದರೆ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ, ಬಟ್ಟಿ ಇಳಿಸಿದ್ದು ಇಂಡಿಯಾನಾ ರಾಜ್ಯದಲ್ಲಿ ಎಂದಿದೆ. ಬಾಟಲಿ ತುಂಬಿದವರು ಇನ್ನೆಲ್ಲಿಯವರೋ. ಇಂಡಿಯಾನಾದ ಲಾರೆನ್ಸ್‌ಬರ್ಗ್‌ನಲ್ಲಿ ಒಂದು ಬೃಹತ್ ಭಟ್ಟಿ ಇದೆ, 95 ಭಾಗ ರೈಯ ಪಾಕ ಅಲ್ಲಿಯದೇ ಪ್ರಸಿದ್ಧ, ಎಷ್ಟೋ ಸಣ್ಣವರು ಅಲ್ಲಿಂದ ಕೊಂಡು ತಮ್ಮ ಹೆಸರಿನಲ್ಲಿ ಮಾರುತ್ತಾರೆ. ವಿಯೆಟ್ನಾಂ ಮೆಣಸನ್ನು ಬೆರೆಸಿ ಕೊಡಗಿನ ಮೆಣಸೆಂದು ದಾಟಿಸುವುದನ್ನು ಕಂಡ ನಮಗೆ ಇದರಲ್ಲಿ ಹೊಸತೇನಿಲ್ಲ ಎಂದು ಸುಬೇದಾರರು ನಕ್ಕರು. ನನಗೆ ಹಾಗನ್ನಿಸಲಿಲ್ಲ. ಅಲ್ಲಿ ಕಾನೂನು ಬಾಟಲಿ ತುಂಬಿದವನಿಂದ ಸಣ್ಣ ಅಕ್ಷರದಲ್ಲಾದರೂ ನಿಜ ಬರೆಸಿದೆ. ಕಾಳು ಯಾವುದು, ಭಟ್ಟಿ ಯಾವ ರಾಜ್ಯದ್ದು ಎಂದು ಓದಿಕೊಳ್ಳಬಹುದು. ಅಂಬುರಾನಾಕ್ಕೆ ಹಾಕಿದ ಮೇಲೆ ಬರೀ ರೈ ವಿಸ್ಕಿ ಎಂದು ಬರೆಯುವ ಹಾಗೂ ಇಲ್ಲ, ಯಾವ ಮರದಲ್ಲಿ ಮುಗಿಸಿದ್ದು ಎಂದು ಹೇಳಲೇಬೇಕು. ನಮ್ಮ ಊರಿನ ಅಂಗಡಿಯಲ್ಲಿ ಸಿಗುವ ಅಗ್ಗದ ವಿಸ್ಕಿಯ ಬಾಟಲಿ ತಿರುಗಿಸಿ ನೋಡಿ. ಬಹುಪಾಲಿನಲ್ಲಿ ಒಳಗಿರುವುದು ಕಾಕಂಬಿಯ ಅಥವಾ ಧಾನ್ಯದ ರುಚಿಯಿಲ್ಲದ ಮದ್ಯಸಾರಕ್ಕೆ ಬಣ್ಣ, ಪರಿಮಳ, ಒಂದಿಷ್ಟು ಮಾಲ್ಟ್ ಅಂದರೆ ಮೊಳಕೆ ಬಾರ್ಲಿಯ ಮದ್ಯ. ಮರದ ಹೆಸರು ಹುಡುಕಬೇಡಿ. ಮರವನ್ನು ಅದು ಕಂಡಿದ್ದರೆ ರಟ್ಟಿನ ಪೆಟ್ಟಿಗೆಯ ರೂಪದಲ್ಲಿ ಮಾತ್ರ.

ಇನ್ನು ನನ್ನ ಪೆದ್ದುತನಕ್ಕೆ ಬರುತ್ತೇನೆ, ನಿಮ್ಮ ಲೇಖಕರನ್ನು ಮಾತ್ರ ಬೈದರೆ ಸರಿಯಲ್ಲ.

ಹಬ್ಬದ ಮಾರನೆಯ ದಿನ ತಲೆಯಲ್ಲಿ ಒಂದೇ ಯೋಚನೆ: ಬ್ರೆಜಿಲ್‌ನ ಮರ ಇಷ್ಟು ಮಾಡುವುದಾದರೆ ನಮ್ಮ ಮರಗಳು ಏನು ಕಡಿಮೆ? ಪೇಟೆಗೆ ಹೋಗಿ ಬಣ್ಣವಿಲ್ಲದ ವೋಡ್ಕಾ ತಂದೆ, ಮರ ಏನು ಬಿಡುತ್ತದೆಂದು ಕಣ್ಣಿಗೆ ಕಾಣಲಿ ಎಂದು. ನಾಲ್ಕು ಜಾಮ್ ಬಾಟಲಿ ತೊಳೆದು ಒಣಗಿಸಿದೆ. ಒಂದರಲ್ಲಿ ಹಲಸಿನ ಚೇಗಿನ ತುಂಡು, ಒಂದರಲ್ಲಿ ಹೊನ್ನೆ, ಒಂದರಲ್ಲಿ ತೇಗ, ಒಂದರಲ್ಲಿ ಸಿಲ್ವರ್ ಓಕ್. ಬೀಟೆ ಹಾಕಲಿಲ್ಲ. ಬೀಟೆಯ ಒಂದು ಚೂರು ಮನೆಯಲ್ಲಿದೆ ಎಂದು ಪತ್ರಿಕೆಗೆ ಬರೆಯುವಷ್ಟು ಧೈರ್ಯ ನನಗಿಲ್ಲ. ತುಂಡುಗಳು ಬೆರಳು ಗಾತ್ರ, ನನ್ನದೇ ಉಳಿಯಲ್ಲಿ ಕೆತ್ತಿದ್ದು. ಅಡುಗೆಮನೆಯ ಅಟ್ಟದಲ್ಲಿಟ್ಟೆ.

ಮೂರನೇ ದಿನಕ್ಕೆ ಹಲಸು ಅರಿಶಿನ ನೀರಾಯಿತು. ಆಗಬೇಕಾದದ್ದೇ, ಬೌದ್ಧ ಭಿಕ್ಷುಗಳ ವಸ್ತ್ರಕ್ಕೆ ಬಣ್ಣ ಕಟ್ಟುವ ಚೇಗು ಅದು. ಹೊನ್ನೆ ಒಂದು ರಾತ್ರಿಗೇ ಕಷಾಯವಾಗಿತ್ತು. ಸಕ್ಕರೆ ಕಾಯಿಲೆಯವರು ರಾತ್ರಿ ನೀರು ತುಂಬಿಟ್ಟು ಬೆಳಿಗ್ಗೆ ಕುಡಿಯುವ ಹೊನ್ನೆಯ ಲೋಟ ನೋಡಿದ್ದೀರಲ್ಲ, ಬಿಸಿಲಿಗೆ ಹಿಡಿದರೆ ಅಂಚಿನಲ್ಲಿ ನೀಲಿ ಹೊಳೆಯುತ್ತದೆ. ತೇಗ ಎಣ್ಣೆ ಎಣ್ಣೆ. ಸಿಲ್ವರ್ ಓಕ್ ಹೆಚ್ಚೇನೂ ಬಣ್ಣ ಬಿಡದೆ ಸಾಧುವಿನ ಹಾಗೆ ಕೂತಿತ್ತು, ಅದನ್ನೇ ನಾನು ನಂಬುವುದಿಲ್ಲ.

ಹನ್ನೆರಡನೇ ದಿನ ಹಲಸಿನದನ್ನು ಒಂದು ಚಮಚ ಬಾಯಿಗೆ ಹಾಕಿದೆ. ಹಲಸಿನ ಹಣ್ಣಿನ ಪರಿಮಳ ಬರುತ್ತದೆಂಬ ಆಸೆ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ. ಬಂದದ್ದು ಹಸಿ ಹೊಟ್ಟಿನ ಒಗರು, ಬಾಳೆಕಾಯಿ ಸಿಪ್ಪೆ ಜಗಿದ ಹಾಗೆ. ಬೆಂಕಿ ತೋರಿಸದ ಮರ, ಗಾಳಿ ಮಳೆಯಲ್ಲಿ ಕಾಲ ಕಳೆಯದ ಮರ. ಪೀಪಾಯಿಗೆ ಓಕ್ ಸೀಳಿದವರು ಹಲಗೆಗಳನ್ನು ತಿಂಗಳುಗಟ್ಟಲೆ ಬಯಲಲ್ಲಿ ಒಟ್ಟಿ ಒಗರು ತೊಳೆದುಹೋಗಲು ಬಿಡುತ್ತಾರೆ, ಆಮೇಲೆ ಸುಡುತ್ತಾರೆ. ಅದನ್ನು ಓದಿದ್ದೂ ಆಮೇಲೆಯೇ. ಹೊನ್ನೆಯದನ್ನು ನಾಲಿಗೆಯ ತುದಿಗೆ ತಾಗಿಸಿದೆ, ಆ ದಿನದ ಊಟದ ರುಚಿ ಹೋಯಿತು. ಉಳಿದೆರಡನ್ನು ಮುಟ್ಟಲಿಲ್ಲ. ಬ್ರೆಜಿಲ್‌ನಲ್ಲಿ ಹಲಸಿನ ಮರದ ಪೀಪಾಯಿಯಲ್ಲೂ ಕಶಾಸಾ ಇಡುತ್ತಾರೆ. ಹಲಸು ಪೋರ್ಚುಗೀಸರು ನಮ್ಮಿಂದ ಅಲ್ಲಿಗೆ ಒಯ್ದದ್ದು, ಅಲ್ಲಿಂದ ಗೇರು ನಮಗೆ ಬಂತು. ಅವರಿಗೆ ಸಾಧ್ಯವಾದದ್ದು ನಮಗೂ ಆಗಬಹುದು, ಆದರೆ ಜಾಮ್ ಬಾಟಲಿಯಲ್ಲಿ ಅಲ್ಲ, ನನ್ನಂಥವನ ಅಟ್ಟದಲ್ಲೂ ಅಲ್ಲ. ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜಿದೆ. ಯಾವ ಮರ ಮದ್ಯಸಾರಕ್ಕೆ ಏನು ಬಿಡುತ್ತದೆ, ಅದರಲ್ಲಿ ವಿಷ ಯಾವುದು ಎಂದು ಮರವನ್ನು ಓದಿದವರು ಹೇಳಿದ ಮೇಲೆ ಉಳಿದ ಮಾತು.

ಹವೆಯದೂ ಒಂದು ಲೆಕ್ಕ ಇದೆ. ಬೆಂಗಳೂರಿನ ಅಮೃತ್ ಭಟ್ಟಿಯವರು 2004ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋಗೇ ಹೋಗಿ ತಮ್ಮ ಸಿಂಗಲ್ ಮಾಲ್ಟ್, ಅಂದರೆ ಒಂದೇ ಭಟ್ಟಿಯ ಬರೀ ಮೊಳಕೆ ಬಾರ್ಲಿಯ ವಿಸ್ಕಿ, ಬಿಡುಗಡೆ ಮಾಡಿದವರು. ಅವರ ಪೀಪಾಯಿಗಳಿಂದ ವರ್ಷಕ್ಕೆ ನೂರಕ್ಕೆ ಹತ್ತು ಹನ್ನೆರಡು ಭಾಗ ಆವಿಯಾಗಿ ಹೋಗುತ್ತದೆ, ಸ್ಕಾಟ್ಲೆಂಡಿನಲ್ಲಿ ಎರಡರಷ್ಟು. ಒಣ ಹವೆಯಲ್ಲಿ ನೀರು ಮೊದಲು ಹಾರಿ ಸರಕು ಗಟ್ಟಿಯಾಗುತ್ತದೆ, ತೇವದ ಹವೆಯಲ್ಲಿ ಮದ್ಯಸಾರ ಮೊದಲು ಹಾರಿ ಸಪ್ಪೆಯಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯ ಕ್ಯಾಲೆಂಡರಿಗೇ ಬೂಸ್ಟು ಹಿಡಿಯುವ ಮಡಿಕೇರಿಯಲ್ಲಿ ಪೀಪಾಯಿ ಇಟ್ಟರೆ 118 ಪ್ರೂಫ್ ಆಸೆ ಬಿಡುವುದೇ ಒಳ್ಳೆಯದು.

ಆದ್ದರಿಂದ ನನ್ನ ವಿನಂತಿ ಇಷ್ಟು. ಮುಂದಿನ ಭಾನುವಾರ ಒಂದು ಮೂಲೆಯಲ್ಲಿ, ಸಿಲ್ವರ್ ಓಕ್ ಓಕ್ ಅಲ್ಲ ಎಂದು ತಿದ್ದುಪಡಿ ಹಾಕಿ. ಸಾಸಿವೆ ಕಾಳಿನಷ್ಟು ಅಕ್ಷರದಲ್ಲಾದರೂ ಸರಿ. ಬರಹ ಬಂದ ಮೇಲೆ ಒಬ್ಬರು ಹೋಂಸ್ಟೇಯವರು ನನ್ನ ಹಳೆಯ ಸಾಮಿಲ್‌ಗೆ ಹೋಗಿ ಸಿಲ್ವರ್ ಓಕ್ ಚೂರು ಒಂದು ಚೀಲ ಬೇಕು, ಪ್ರವಾಸಿಗರಿಗೆ ಬ್ರಾಂಡಿಯಲ್ಲಿ ಹಾಕಿ ಕೊಡಲು ಎಂದು ಕೇಳಿದ್ದಾರೆಂದು ನಿನ್ನೆ ಗೊತ್ತಾಯಿತು. ಅದಕ್ಕೇ ಮಳೆಯಲ್ಲಿ ಕರೆಂಟಿಲ್ಲದ ರಾತ್ರಿ ಕೂತು ಇಷ್ಟುದ್ದ ಬರೆದದ್ದು.

ಜಾಮ್ ಬಾಟಲಿಗಳನ್ನು ನನ್ನ ಹೆಂಡತಿ ಹಿತ್ತಲಿಗೆ ಸುರಿದು ತೊಳೆದಿಟ್ಟಿದ್ದಾಳೆ, ಹಲಸಿನದರ ತಳ ಇನ್ನೂ ಹಳದಿ. ಸುಬೇದಾರರ ಬಾಟಲಿ ಹಬ್ಬದ ವಾರದಲ್ಲೇ ಖಾಲಿಯಾಯಿತು. ಗಾಜು ದಪ್ಪ, ಬಿರಡೆ ಚೆನ್ನಾಗಿದೆ ಎಂದು ಅವರ ಮನೆಯವರು ಅದಕ್ಕೆ ಈ ವರ್ಷದ ಕಾಚಂಪುಳಿ ತುಂಬಿಸಿದ್ದಾರೆ. ಮೊನ್ನೆ ಬಿರಡೆ ತೆಗೆದು ಮೂಸಿದೆ. ಹುಳಿಯ ಹಿಂದೆ ಇನ್ನೂ ಸ್ವಲ್ಪ ಒಣಹುಲ್ಲು ಇದೆ.

ಇಂತಿ,
ನಿವೃತ್ತ ನಾಟಾ ಅಳತೆಗಾರ, ಸುಂಟಿಕೊಪ್ಪ
(ಹೆಸರು ಹಾಕಬೇಡಿ. ವೋಡ್ಕಾದ ವಿಷಯ ಮಗಳ ಮನೆಯವರಿಗೆ ಗೊತ್ತಿಲ್ಲ.)